ಎಡಗೈ ಮಚ್ಚು

ನಾಗಮಂಗಲದ ಕಾಳಾಚಾರಿಯ ಕುಲುಮೆಗೆ ಹೆಂಗಸರು ಬರುವುದು ಹೊಸದೇನಲ್ಲ. ಈಳಿಗೆ ಮಣೆಗೆ ಸಾಣೆ ಹಿಡಿಸಲು ಬರುತ್ತಾರೆ, ಮೊಂಡಾದ ಕುಡುಗೋಲು ತರುತ್ತಾರೆ, ಕೊಟ್ಟು ಪೇಟೆ ಸುತ್ತಿ ಸಂಜೆಗೆ ಬಂದು ಒಯ್ಯುತ್ತಾರೆ. ಆ ಬುಧವಾರ ಸಿದ್ದಲಿಂಗಮ್ಮ ಬಂದು ತಗಡಿನ ಮಾಡಿನ ಕೆಳಗೆ ನಿಂತಾಗಲೂ ಆಚಾರಿ ತಲೆಯೆತ್ತದೆ ಕೈ ಚಾಚಿದ.

“ಈಳ್ಗೆ ಮಣೆನಾ ಅವ್ವ? ಅಲ್ಲಿ ಮಡ್ಗಿ ಓಗು.”

“ಈಳ್ಗೆ ಅಲ್ಲ ಆಚಾರ್ರೆ. ಒಂದು ಮಚ್ಚು ಮಾಡುಸ್ಬೇಕು. ಎಳ್ನೀರು ಕೆತ್ತೋ ಮಚ್ಚು. ಎಡಗೈಗೆ.”

ಆಚಾರಿ ತಲೆಯೆತ್ತಿದ. ಮೊದಲು ಅವಳನ್ನು ನೋಡಿದ, ಆಮೇಲೆ ಅವಳ ಬೆನ್ನ ಹಿಂದಿನ ರಸ್ತೆಯನ್ನು ನೋಡಿದ. ಅಲ್ಲಿ ಒಂದು ಆಟೋ ನಿಂತಿತ್ತು, ಅದರ ನೆರಳಿನಲ್ಲಿ ಒಂದು ನಾಯಿ ಮಲಗಿತ್ತು. ಗಂಡಸರು ಯಾರೂ ಇರಲಿಲ್ಲ.

“ಎಡಗೈ ಯಾರ್ದು? ಮಗಂದಾ?”

“ನಂದೇ.”

ಸಿದ್ದಲಿಂಗಮ್ಮನಿಗೆ ಅರವತ್ತರ ಹತ್ತಿರ. ಅವಳ ಗಂಡ ದಾಸಯ್ಯ ಶ್ರೀರಂಗಪಟ್ಟಣದಲ್ಲಿ, ದೇವಸ್ಥಾನದ ಕಡೆಗೆ ರಸ್ತೆ ಹೊರಳುವ ತಿರುವಿನ ಹೊಂಗೆಮರದಡಿ ಎಳನೀರು ಮಾರುತ್ತಿದ್ದವನು. ಬೇರೆಯವರು ಗಿರಾಕಿ ಹುಡುಕಿಕೊಂಡು ಗಾಡಿ ತಳ್ಳಿದರೆ ಇವನು ಮದುವೆಯಾದ ವರ್ಷದಿಂದ ಆ ಮರ ಬಿಟ್ಟು ಕದಲಿದವನಲ್ಲ. ಸಿದ್ದಲಿಂಗಮ್ಮ ಅವನ ಪಕ್ಕದಲ್ಲೇ ಬದುಕು ಸವೆಸಿದಳು. ಕುಡಿಯುವ ಕೊಳವೆ ಕೊಡುವುದು, ಸೀಳಿದ ಕಾಯಿಯಿಂದ ಗಂಜಿ ಕೆರೆದುಕೊಡುವುದು, ಬುರುಡೆ ಒಟ್ಟುವುದು, ಚಿಲ್ಲರೆ ನೋಡುವುದು ಅವಳ ಕೆಲಸ. ಮಚ್ಚು ಮಾತ್ರ ಅವನ ಕೈಯದು. ಹೋದ ದೀಪಾವಳಿ ಮುಗಿದ ಹಿಂದೆಯೇ, ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಸಂಜೆಗೆ ಇರಲಿಲ್ಲ. ಕೊಟ್ಟ ದೇವರು ಕರೆದುಕೊಂಡ. ಅದರ ಮೇಲೆ ಅವಳು ಯಾರೊಡನೆಯೂ ತಕರಾರು ಮಾಡಲಿಲ್ಲ. ಗಂಡ ಹೋದದ್ದಕ್ಕೆ ಅತ್ತಳು. ಮರದಡಿಯ ಜಾಗ ಹೋಗುವುದಕ್ಕೆ ಮಾತ್ರ ಒಪ್ಪಲಿಲ್ಲ.

ಜಾಗದ ಮಾತೆತ್ತಿದವನು ಮೈದುನ ಮಾಯಣ್ಣ. ಚಳಿಗಾಲವೆಲ್ಲ ಸುಮ್ಮನಿದ್ದವನು, ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಂತೆ ಬಂದು ಜಗಲಿಯ ಮೇಲೆ ಕುಳಿತ.

“ಅತ್ಗೆ, ನನ್ ಬಾಮೈದ ಸಂತೋಷನ್ನ ಅಲ್ಲಿ ನಿಲ್ಲುಸ್ತೀನಿ. ತಿಂಗ್ಳಾ ತಿಂಗ್ಳಾ ನಿಂಗೂ ವಸಿ ಕೊಡುಸ್ತೀನಿ. ನೀನು ಸುಮ್ಕೆ ಮನೇಲಿ ದೇವ್ರ ಧ್ಯಾನ ಮಾಡ್ಕೊಂಡಿರು.”

“ದೇವ್ರ ಧ್ಯಾನಕ್ಕೆ ಬೆಳಿಗ್ಗೆ ಅನ್ನೋದು ಅದೆ. ಆಮೇಕೆ ಮರದಡಿ ನಾನೇ ನಿಂತ್ಕೊತೀನಿ.”

“ಮಚ್ಚು ಇಡ್ಯೋರು ಯಾರು?”

“ನಾನೇ.”

ಮಾಯಣ್ಣ ನಕ್ಕ. ಕೆಟ್ಟ ನಗುವಲ್ಲ, ಮಗು ಏನೋ ಅಂದಾಗ ನಗುವಂಥ ನಗು. “ನೀನು ಎಡಚಿ ಕಣತ್ಗೆ. ರಂಗನಾಥಸ್ವಾಮಿ ನೋಡ್ಕೊಂಡ್ ಬಂದೋರು ಎಡಗೈಲಿ ಕೊಚ್ಚಿದ್ದ ಬಾಯ್ಗಿಡ್ತಾರಾ? ಅಣ್ಣ ಕಟ್ಟಿದ್ ಯಾಪಾರ, ನೀನು ಒಂದೇ ವಾರಕ್ಕೆ ಎತ್ಬುಡ್ತೀಯ.”

ಎಡಚಿ ಎಂಬ ಮಾತು ಅವಳಿಗೆ ಹೊಸದಲ್ಲ. ಕೆ.ಆರ್.ಪೇಟೆ ಕಡೆಯ ತವರಿನಲ್ಲಿ, ಅವಳು ಉಣ್ಣಲು ಕೂತಾಗಲೆಲ್ಲ ಅವ್ವ ತನ್ನ ಸೆರಗಿನ ತುದಿಯಿಂದ ಅವಳ ಎಡಗೈಯನ್ನು ಬೆನ್ನಿಗೆ ಕಟ್ಟುತ್ತಿದ್ದಳು. ಹಾಗೆ ಕಟ್ಟಿ ಕಟ್ಟಿ ಉಣ್ಣುವುದು ಬಲಗೈಗೆ ಬಂತು. ಆರತಿ ಎತ್ತುವುದು, ಕುಂಕುಮ ಇಡುವುದು, ತಾಂಬೂಲ ಕೊಡುವುದು ಬಂತು. ಬಲ ಹಾಕುವ ಕೆಲಸ ಮಾತ್ರ ಬರಲಿಲ್ಲ. ಒನಕೆ ಎತ್ತಿದರೆ ಎಡಗೈ, ಸೌದೆ ಸೀಳಿದರೆ ಎಡಗೈ. ದೇವರು ಬಲವನ್ನು ಎಲ್ಲಿ ಇಟ್ಟಿದ್ದನೋ ಅಲ್ಲಿಂದ ಯಾವ ಸೆರಗೂ ಅದನ್ನು ಕದಲಿಸಲಿಲ್ಲ.

ಮಾಯಣ್ಣ ಹೋದ ಮೇಲೆ ಅವಳು ಗಂಡನ ಮಚ್ಚನ್ನು ಗೂಟದಿಂದ ಇಳಿಸಿ, ಹಿತ್ತಿಲಿನಲ್ಲಿ ಒಂದು ಕಾಯಿ ಹಿಡಿದು ಪ್ರಯತ್ನಿಸಿದಳು. ಮೊದಲ ಏಟು ಸಿಪ್ಪೆಗೆ ತಗುಲಿ ಹೊರಕ್ಕೆ ಹಾರಿತು. ಎರಡನೆಯದು ಹಾರಿ ಬಲಗೈ ಹೆಬ್ಬೆರಳಿನ ಬುಡಕ್ಕೆ ಬಂತು. ಎಳನೀರಿನ ಮಚ್ಚಿನ ಬಾಯಿಯನ್ನು ಒಂದೇ ಮಗ್ಗುಲಿಗೆ ಮಸೆದಿರುತ್ತಾರೆ. ಕಾಯಿಯ ಕಡೆಗೆ ಬರುವ ಮಗ್ಗುಲು ಚಪ್ಪಟೆ, ಹೊರಗಿನ ಮಗ್ಗುಲು ಇಳಿಜಾರು. ಬಲಗೈಯಲ್ಲಿ ಹಿಡಿದರೆ ಅದು ಸಿಪ್ಪೆಯೊಳಕ್ಕೆ ಇಳಿದು ಬೆಣ್ಣೆಯಂತೆ ಕೆತ್ತುತ್ತದೆ. ಎಡಗೈಯಲ್ಲಿ ಹಿಡಿದರೆ ಇಳಿಜಾರು ಕಾಯಿಯ ಕಡೆಗೆ ತಿರುಗುತ್ತದೆ, ಮಚ್ಚು ಹೊರಕ್ಕೆ ಜಾರುತ್ತದೆ. ಇಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿದರೂ ಅವಳಿಗೆ ತಿಳಿಯದ ಸಂಗತಿ, ರಕ್ತ ಒರೆಸಿಕೊಳ್ಳುವಾಗ ತಿಳಿಯಿತು.

ಮರುದಿನ ಬಟ್ಟೆ ಸುತ್ತಿದ ಹೆಬ್ಬೆರಳನ್ನು ನೋಡಿ ಮಾಯಣ್ಣ ನೇರ ಒಳಗೆ ನಡೆದ. ಗೂಟದ ಮೇಲಿನ ಮಚ್ಚನ್ನು ತೆಗೆದು ಚೀಲದಲ್ಲಿ ಹಾಕಿಕೊಂಡ.

“ಇದು ನಿನ್ ಕೈಗೆ ಆಗೋದಲ್ಲ ಬುಡತ್ಗೆ” ಎಂದು ಹೊರಟುಹೋದ.

ಎಳನೀರು ತಂದು ಇಳಿಸುವವನು ಚಿಕ್ಕಸ್ವಾಮಿ, ಕೆ.ಆರ್.ಪೇಟೆಯ ತೋಟಗಳಿಂದ ಟೆಂಪೋದಲ್ಲಿ ಕಾಯಿ ಹೊಡೆಯುವ ವ್ಯಾಪಾರಿ. ಅವಳು ಅವನಿಗೆ ಫೋನು ಮಾಡಿಸಿದಳು. ಅವನು ಸುತ್ತು ಬಳಸಿ ಮಾತಾಡುವವನಲ್ಲ. “ಅಕ್ಕ, ಸೋಮ್ವಾರ ಬೆಳಿಗ್ಗೆ ಲೋಡು ತತ್ತೀನಿ. ಮರದಡಿ ಯಾರು ಕೆತ್ತೋರಿದ್ರೆ ಅವ್ರಿಗೆ ಇಳುಸ್ತೀನಿ. ನೀನಾದ್ರೆ ನೀನು, ಸಂತೋಷ ಆದ್ರೆ ಸಂತೋಷ. ಬಿಸ್ಲಲ್ಲಿ ಕಾಯಿ ಮಡಿಕ್ಕೊಂಡು ನ್ಯಾಯ ಮಾಡಾಕೆ ನನ್ ಕೈಲಾಗಕಿಲ್ಲ.”

ಹಾಗೆ ಅವಳು ಮಚ್ಚು ಹುಡುಕಿಕೊಂಡು ಹೊರಟಳು. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ್ದರಿಂದ ತಿರುಗಾಟಕ್ಕೆ ಖರ್ಚಿರಲಿಲ್ಲ. ಪಾಂಡವಪುರದ ಪೇಟೆಯಲ್ಲಿ ಕೆಂಪು ಪ್ಲಾಸ್ಟಿಕ್ ಹಿಡಿಯ, ಫ್ಯಾಕ್ಟರಿಯಲ್ಲಿ ಮಾಡಿದ ಮಚ್ಚುಗಳು ಸಾಲಾಗಿ ತೂಗುತ್ತಿದ್ದವು. ಅಗ್ಗ. ಎರಡು ಮಗ್ಗುಲೂ ಮಸೆದದ್ದು. ಅಂಗಡಿಯವನು “ಯಾವ್ ಕೈಗಾದ್ರೂ ಆಯ್ತದೆ ಕಣಮ್ಮ” ಎಂದ. ಅವಳು ಚೀಲದಿಂದ ಒಂದು ಕಾಯಿ ತೆಗೆದು, “ಅಂಗಾದ್ರೆ ಕೆತ್ತಿ ತೋರ್ಸಿ” ಎಂದಳು. ಅವನ ಬಲಗೈಯಲ್ಲೇ ಆ ಹಗುರ ಮಚ್ಚು ಸಿಪ್ಪೆಯ ಮೇಲೆ ಪುಟಿಯಿತು. ಯಾವ ಕೈಗಾದರೂ ಆಗುವುದು ಯಾವ ಕೈಗೂ ಆಗುವುದಿಲ್ಲ ಎಂದುಕೊಂಡು ಅವಳು ಕಾಯಿ ಎತ್ತಿಕೊಂಡಳು. ಕೆ.ಆರ್.ಪೇಟೆಯಲ್ಲಿ ಮಗಳು ಲತಳ ಮನೆ ಹತ್ತಿರದ ಅಂಗಡಿಯೊಂದರಲ್ಲಿ ಕನ್ನಡಿಯಂತೆ ಹೊಳೆಯುವ ಮಚ್ಚು ಗಾಜಿನ ಪೆಟ್ಟಿಗೆಯಲ್ಲಿತ್ತು. ಬೀಟೆಯ ಹಿಡಿ, ಹಿತ್ತಾಳೆಯ ಬಳೆ, ಹಿಡಿಯ ಮೇಲೆ ನವಿಲು. ಬೆಲೆ ಕೇಳಿ ಅವಳು ಕೈ ಮುಗಿದಳು. ನವಿಲು ಎಳನೀರು ಕೆತ್ತುವುದಿಲ್ಲ. ಲತ ಊಟಕ್ಕಿಡುತ್ತಾ, “ಅವ್ವ, ಇಲ್ಲೇ ನಮ್ಮನೇಲಿ ಇದ್ಬುಡು. ಈ ವಯಸ್ಸಲ್ಲಿ ರೋಡಲ್ಲಿ ಮಚ್ಚು ಇಡ್ಕೊಂಡ್ ನಿಂತ್ಕೊಬೇಕಾ?” ಎಂದಳು. “ನಿಮ್ಮಪ್ಪ ನಿಂತಿದ್ದಾಗ ನೀನು ಈ ಮಾತ ಆಡ್ಲಿಲ್ಲ” ಎಂದು ಸಿದ್ದಲಿಂಗಮ್ಮ ನಾಗಮಂಗಲದ ಬಸ್ಸು ಹತ್ತಿದಳು.

ಈಗ ಕಾಳಾಚಾರಿ ಇಕ್ಕಳ ಕೆಳಗಿಟ್ಟು, ಪಂಚೆಗೆ ಕೈ ಒರೆಸಿಕೊಂಡು ತಲೆ ಅಲ್ಲಾಡಿಸುತ್ತಿದ್ದ.

“ನಮ್ಮಪ್ಪನ ಕಾಲ್ದಿಂದ ಈ ಅಡಿಗಲ್ಲಿನ ಮೇಲೆ ಎಡಗೈ ಆಯ್ದ ಆಗಿಲ್ಲ ಕಣವ್ವ. ನಮ್ಗೆ ಕಾಳಮ್ಮನ್ ಮುಂದೆ ಮಾಡೋ ಕೆಲ್ಸ ಇದು. ಎಡ ಅಂದ್ರೆ ಮನ್ಸಿಗೆ ಬರಾಕಿಲ್ಲ.”

ಕುಲುಮೆಯ ಮೇಲುಗಡೆ, ಹೊಗೆ ಹಿಡಿದ ಗೋಡೆಯ ಮೇಲೆ, ಚೌಕಟ್ಟು ಹಾಕಿದ ಕಾಳಮ್ಮನ ಪಟವಿತ್ತು. ಸಿದ್ದಲಿಂಗಮ್ಮ ಅದಕ್ಕೆ ಕೈ ಮುಗಿದು, ಹಾಗೇ ನೋಡುತ್ತಾ ನಿಂತಳು.

“ತಾಯಿಗೆ ಎಷ್ಟು ಕೈ ಆಚಾರ್ರೆ?”

“ಎಂಟು.”

“ಅದ್ರಲ್ಲಿ ಎಡಗೈ ಎಷ್ಟು?”

ಆಚಾರಿ ಕೆಳಗಿಟ್ಟ ಇಕ್ಕಳವನ್ನು ಮತ್ತೆ ಎತ್ತಿಕೊಂಡ. ಒಳಗಿನಿಂದ ಅವನ ಹೆಂಡತಿ ಸರಸಮ್ಮ ನಕ್ಕಳು. “ಯೋಳಿ, ಯಾಕ್ ಸುಮ್ಕಾದ್ರಿ? ನಾಕು ಕೈಯಲ್ಲಿ ತಾಯಿ ಬಳೆ ತೊಟ್ಕೊಂಡ್ ಸುಮ್ನೆ ಕುಂತವ್ಳಾ, ಇಲ್ಲಾ ಆಯ್ದ ಇಡ್ದವ್ಳಾ?”

“ನೀನೊಬ್ಳು” ಎಂದು ಆಚಾರಿ ಗೊಣಗಿ, ಮಾತನ್ನು ಬೇರೆಡೆಗೆ ತಿರುಗಿಸಿದ. “ಕಾಸು ಎಷ್ಟು ತಂದಿದೀಯವ್ವ?”

“ಸಾವಿರದ ಇನ್ನೂರು. ಅದ್ರಲ್ಲೇ ಆಗ್ಬೇಕು. ಅದರ ಮೇಲೆ ನನ್ ತಾವ ಇಲ್ಲ.”

ಆಚಾರಿ ಮೂಲೆಯಿಂದ ಎರಡು ಲೋಹ ತಂದು ಅವಳ ಮುಂದಿಟ್ಟ. ಒಂದು ಅಂಗಡಿಯಲ್ಲಿ ಸಿಗುವ ಸಾದಾ ಪಟ್ಟಿ ಕಬ್ಬಿಣ. ಇನ್ನೊಂದು ಹಳೇ ಲಾರಿಯ ಕಮಾನು ಪಟ್ಟಿ, ಕಪ್ಪಗೆ ತುಕ್ಕು ಹಿಡಿದು ಬಾಗಿದ್ದು. ಪಟ್ಟಿ ಕಬ್ಬಿಣದಲ್ಲಾದರೆ ಬೀಟೆ ಹಿಡಿ ಹಾಕಿ, ಹಿತ್ತಾಳೆ ಬಳೆ ಕೂರಿಸಿ, ಹೊಳಪು ಕೊಟ್ಟು ಅಷ್ಟೇ ದುಡ್ಡಿನಲ್ಲಿ ಮಾಡಿಕೊಡಬಹುದು. ಕಮಾನು ಪಟ್ಟಿಯಾದರೆ ಲೋಹದ ಬೆಲೆಯೇ ಹೆಚ್ಚು, ಬಡಿಯುವ ಕೆಲಸವೂ ಹೆಚ್ಚು. ಸಾದಾ ಜಾಲಿಯ ಹಿಡಿ ಹಾಕಿದರೂ ಅವಳ ದುಡ್ಡಿಗೆ ಮೀರುತ್ತದೆ.

“ಯಾವ್ದು ಬಾಯಿ ನಿಲ್ಸ್ತದೆ?”

“ಕಮಾನು ಪಟ್ಟಿಯೇ. ದಿನಾ ನೂರು ಕಾಯಿ ಕೆತ್ತುದ್ರೂ ವಾರಕ್ಕೊಂದು ಸಾಣೆ ಸಾಕು. ಇದು ಪಟ್ಟಿ ಕಬ್ಬಿಣ, ಮಧ್ಯಾನ್ದೊತ್ಗೆ ಮೊಂಡಾಯ್ತದೆ.”

“ಅಂಗಾದ್ರೆ ಕಮಾನು ಪಟ್ಟಿಲಿ ಮಾಡಿ. ಹಿಡಿ ಬ್ಯಾಡ. ಬಾಲ ಉದ್ದ ಬಿಟ್ಟು ಕೊಡಿ, ಹಿಡಿ ನಾನೇ ಸುತ್ಕೊತೀನಿ. ಹೊಳ್ಪೂ ಬ್ಯಾಡ. ಕಪ್ಪಗೇ ಇರ್ಲಿ.”

ಆಚಾರಿಗೆ ಈಗ ಸ್ವಲ್ಪ ಆಸಕ್ತಿ ಹುಟ್ಟಿತು. ಗಂಡಸರು ಬಂದರೆ ಮೊದಲು ಹಿಡಿಯ ಮಾತೇ ಆಡುತ್ತಾರೆ. ಅವನು ಗಂಡಸರ ಅಳತೆಯ ಮಚ್ಚೊಂದನ್ನು ನೆಲದ ಮೇಲಿಟ್ಟ. ಅವಳು ಎತ್ತಿಕೊಂಡು ಎಡಗೈಯಲ್ಲಿ ಆಡಿಸಿದಳು. ಭಾರ ಮುಂಗೈ ಜಗ್ಗಿತು. ಹಗುರ ಮಾಡಿಕೊಡಲೇ ಎಂದು ಅವನು ಕೇಳಿದ. ಹಗುರವಾದದ್ದು ಪಾಂಡವಪುರದಲ್ಲಿ ಪುಟಿದದ್ದು ಅವಳ ಕಣ್ಣ ಮುಂದಿತ್ತು. ಬೆನ್ನು ಹೀಗೇ ದಪ್ಪವಿರಲಿ, ಉದ್ದ ಮಾತ್ರ ನಾಲ್ಕು ಬೆರಳು ಕಡಿಮೆಯಾಗಲಿ ಎಂದಳು. ಆಚಾರಿ ಅವಳ ಎಡ ಮುಂಗೈಗೆ ದಾರ ಹಿಡಿದು ಅಳತೆ ತೆಗೆದುಕೊಂಡ, ದಾರಕ್ಕೆ ಗಂಟು ಹಾಕಿ ಮೊಳೆಗೆ ನೇತುಹಾಕಿದ.

“ಶನ್ವಾರ ಬಾ. ಭಾನ್ವಾರ ಅಮಾಸೆ, ಕುಲ್ಮೆ ಅಚ್ಚಾಕಿಲ್ಲ.”

ಶನಿವಾರ ಬಸ್ಸು ತಡವಾಗಿ, ಅವಳು ನಾಗಮಂಗಲ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಕುಲುಮೆಯ ಬೆಂಕಿ ಆರಿತ್ತು. ಅಮಾವಾಸ್ಯೆಯ ಪೂಜೆಗೆಂದು ಅಡಿಗಲ್ಲನ್ನು ತೊಳೆದು ಒರೆಸಿದ್ದರು. ಸಮ್ಮಟಿಗೆ ಹೊಡೆಯುವ ಆಳು ಮನೆಗೆ ಹೋಗಿದ್ದ. ಆಚಾರಿ ಒಳಗಿನಿಂದ ಗೋಣಿಯಲ್ಲಿ ಸುತ್ತಿದ ಮಚ್ಚನ್ನು ತಂದು, ಕೈಗೆ ಕೊಡದೆ ನೆಲದ ಮೇಲಿಟ್ಟ. ಬಾಯಿರುವ ಆಯುಧವನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುವ ಪದ್ಧತಿ ಅಲ್ಲಿಲ್ಲ. ಜಗಳ ತರುತ್ತದೆ ಎನ್ನುತ್ತಾರೆ.

ಚೆಂದದ ಮಚ್ಚು. ಕಪ್ಪು ಬೆನ್ನು, ಬೂದು ಹೊಟ್ಟೆ, ತುದಿಯಲ್ಲಿ ಗಿಣಿಯ ಕೊಕ್ಕಿನಷ್ಟು ಬಾಗು. ಸಿದ್ದಲಿಂಗಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಎಡಗೈಯಲ್ಲಿ ಹಿಡಿದಳು. ಭಾರ ಸರಿಯಾಗಿತ್ತು, ಉದ್ದ ಸರಿಯಾಗಿತ್ತು. ಚೀಲದಿಂದ ಕಾಯಿ ತೆಗೆದು ಬಲಗೈಯಲ್ಲಿ ಹಿಡಿದು ಒಂದು ಏಟು ಹಾಕಿದಳು. ಮಚ್ಚು ಸಿಪ್ಪೆಯನ್ನು ಸವರಿಕೊಂಡು ಹೊರಕ್ಕೆ ಹಾರಿತು. ಹೆಬ್ಬೆರಳಿನ ಹಳೆಯ ಗಾಯ ಜುಂ ಎಂದಿತು.

ಅವಳು ಮಚ್ಚನ್ನು ನೆಲದ ಮೇಲಿಟ್ಟಳು.

“ಆಚಾರ್ರೆ, ಇದು ಬಲಗೈ ಮಚ್ಚು.”

“ಅದೆಂಗಾದದು” ಎಂದು ಆಚಾರಿ ಎತ್ತಿಕೊಂಡ. ಬಾಯಿಯನ್ನು ಬೆಳಕಿಗೆ ಹಿಡಿದ, ಗಾಳಿಯಲ್ಲಿ ಆಡಿಸಿದ, ಅವಳ ಕಾಯಿಯನ್ನೇ ತೆಗೆದುಕೊಂಡು ಒಂದು ಏಟು ಹಾಕಿದ. ಸಿಪ್ಪೆ ತೆಳ್ಳಗೆ ಎದ್ದು ಬಂತು. “ನೋಡು, ಎಷ್ಟು ಚೆಂದಾಗ್ ಕೆತ್ತದೆ. ಏನಾಗದೆ ಇದ್ಕೆ?”

ಸರಸಮ್ಮ ಬಾಗಿಲಲ್ಲಿ ನಿಂತಿದ್ದಳು. “ಯಾವ್ ಕೈಲಿ ಇಡ್ಕೊಂಡಿದೀರಿ?”

ಆಚಾರಿ ತನ್ನ ಬಲಗೈಯನ್ನು ನೋಡಿಕೊಂಡ. ಮೊಳೆಯ ಮೇಲೆ ದಾರವಿತ್ತು, ದಾರದಲ್ಲಿ ಗಂಟಿತ್ತು, ಅಳತೆ ಎಲ್ಲ ಅವಳದೇ ಆಗಿತ್ತು. ಬಾಯಿಗೆ ಬಂದಾಗ ಮಾತ್ರ ಇಕ್ಕಳ ಹಿಡಿದ ಮುಂಗೈ, ತಲೆಯನ್ನು ಕೇಳದೆ, ಎಂದಿನ ಮಗ್ಗುಲಿಗೆ ಹೊರಳಿಬಿಟ್ಟಿತ್ತು. ಆಚಾರಿಯ ಮುಖ ಸಣ್ಣದಾಯಿತು.

“ಕೈ ಮಾಡ್ಬುಡ್ತು ಕಣವ್ವ. ನಾನಲ್ಲ, ಕೈಯಿ.” ಮಚ್ಚನ್ನು ನೆಲದ ಮೇಲಿಟ್ಟು, “ನೂರು ರೂಪಾಯಿ ಕಮ್ಮಿ ಕೊಡು, ತಗೊಂಡೋಗು. ವಸಿ ದಿನ ಆದ್ರೆ ಅದೇ ಒಗ್ತದೆ” ಎಂದ.

“ಹುಟ್ಟಿದಾಗ್ನಿಂದ ಒಗ್ಗುಸ್ಕೊಂಡೇ ಬಂದಿವ್ನಿ ಆಚಾರ್ರೆ. ಉಣ್ಣೋಕೆ ಒಗ್ಗುಸ್ದೆ, ಪೂಜೆಗೆ ಒಗ್ಗುಸ್ದೆ. ಕಾಸು ಕೊಟ್ಟು ಮಾಡ್ಸಿರೋ ಮಚ್ಚಿಗೂ ನಾನೇ ಒಗ್ಬೇಕಾ? ಈ ಸಲ ಅದೇ ನಂಗೆ ಒಗ್ಲಿ.”

“ಆಯ್ತು, ಮಂಗ್ಳಾರ ಬಾ. ತಿದ್ಕೊಡ್ತೀನಿ.”

“ಸೋಮ್ವಾರ ಲೋಡು ಬತ್ತದೆ. ಮಂಗ್ಳಾರ ನಂಗೆ ಮಚ್ಚು ಯಾಕೆ?”

“ಬೆಂಕಿ ಆರ್ಸ್ಬುಟ್ಟಿವ್ನಿ ತಾಯಿ. ಅಡಿಗಲ್ಲು ತೊಳ್ದಾಗದೆ. ನಾಳೆ ಅಮಾಸೆ.”

“ನಾಳೆ ಅಲ್ವಾ? ಇವತ್ತಿನ ಹೊತ್ತು ಇನ್ನೂ ಮುಳ್ಗಿಲ್ಲ.” ಸಿದ್ದಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇದ್ದಿಲ ಗೂಡಿನ ಪಕ್ಕ ಕುಳಿತಳು. “ನಂಗೂ ದೇವ್ರ ಭಯ ಅದೆ. ಅಮಾಸೆ ದಿನ ಅಚ್ಚಿ ಅನ್ನಾಕಿಲ್ಲ. ಹೊತ್ತಿರೋವಾಗ್ಲೇ ಅಚ್ಚಿ ಅಂತೀನಿ. ನಿಮ್ ಕೈ ಮಾಡಿದ್ ತಪ್ಪ ನಿಮ್ ಕೈಯೇ ತಿದ್ಲಿ. ಅಲ್ಲೀಗಂಟ ನಾನು ಏಳಾಕಿಲ್ಲ.”

“ಸಮ್ಮಟಿಗೆ ಹೊಡ್ಯೋನು ಒಂಟೋದ. ಕಮಾನು ಪಟ್ಟಿನ ಒಬ್ನೇ ಬಡ್ಯಾಕಾಯ್ತದಾ?”

“ನಾನು ಹೊಡೀತೀನಿ.”

“ಎಣ್ಣೆಂಗ್ಸು ಸಮ್ಮಟಿಗೆ ಎತ್ತದ?”

“ನಿಮ್ ಕಾಲು ಮುರ್ದು ಮಲ್ಗಿದ್ದಾಗ ಈ ಮನೇಲಿ ಸಮ್ಮಟಿಗೆ ಎತ್ತಿದ್ದು ಯಾರು?” ಎಂದಳು ಸರಸಮ್ಮ. “ನಿಮ್ಮಪ್ಪ ಎದ್ ಬಂದಿದ್ರಾ?” ಅವಳು ಮಾತು ಮುಗಿಸುವ ಮೊದಲೇ ಬ್ಲೋವರಿನ ಗುಂಡಿ ಒತ್ತಿದಳು. ಬೂದಿ ಎದ್ದಿತು, ಅದರಡಿಯಲ್ಲಿ ಉಳಿದಿದ್ದ ಕೆಂಡ ಕಣ್ಣು ಬಿಟ್ಟಿತು.

ಆಚಾರಿ ಪಟದ ಕಡೆಗೊಮ್ಮೆ ನೋಡಿ, ಅಂಗಿ ಕಳಚಿ ಮೊಳೆಗೆ ಹಾಕಿದ.

ಮಚ್ಚು ಕೆಂಪಾಗಿ ಹೊರಬಂತು. ಸಿದ್ದಲಿಂಗಮ್ಮ ಅಡಿಗಲ್ಲಿನ ಆಚೆ, ಸಮ್ಮಟಿಗೆಯವನು ಎಂದೂ ನಿಲ್ಲದ ಕಡೆ ನಿಂತಳು. ಎಡಗೈ ಮುಂದೆ ಮಾಡಿ ಹೊಡೆಯುವವಳಿಗೆ ಅದೇ ಸರಿಯಾದ ಜಾಗ. ಮೊದಲ ಏಟುಗಳು ಅಡ್ಡಾದಿಡ್ಡಿ ಬಿದ್ದವು. ಆಚಾರಿಯ ಸಣ್ಣ ಸುತ್ತಿಗೆ ಎಲ್ಲಿ ತಟ್ಟುತ್ತದೋ ಅಲ್ಲಿಗೆ ಹೊಡೆಯಬೇಕು ಎಂಬುದು ಕೈಗೆ ತಿಳಿದ ಮೇಲೆ ಏಟು ಕೂಡಿಕೊಂಡಿತು. ಹಳೆಯ ಇಳಿಜಾರು ಸಪಾಟಾಯಿತು. ಇನ್ನು ಆಚೆಯ ಮಗ್ಗುಲಿಗೆ ಹೊಸ ಇಳಿಜಾರು ಎಬ್ಬಿಸಬೇಕು. ಬೆಂಕಿಯಿಂದ ತೆಗೆದು ಅಡಿಗಲ್ಲಿನ ಮೇಲಿಡುವಾಗ ಆಚಾರಿಯ ಮುಂಗೈ ಮತ್ತೆ ಎಂದಿನಂತೆ ಹೊರಳಿತು.

ಸಿದ್ದಲಿಂಗಮ್ಮ ಸಮ್ಮಟಿಗೆಯನ್ನು ನೆಲಕ್ಕೂರಿ ನಿಂತಳು.

“ಹೊಡಿಯವ್ವ, ಆರೋಯ್ತದೆ.”

“ಆರ್ಲಿ. ಆ ಮಗ್ಗುಲಿಗೆ ನಾನು ಹೊಡ್ಯಾಕಿಲ್ಲ.”

ಆಚಾರಿ ನೋಡಿದ, ನಾಲಿಗೆ ಕಚ್ಚಿಕೊಂಡ, ಮಗುಚಿದ. ಅವಳು ಹೊಡೆದಳು. ಮುಂದಿನ ಕಾವಿಗೂ ಹಾಗೇ ಆಯಿತು. ಅವನ ಕೈ ಹೊರಳುವುದು, ಅವಳು ಸಮ್ಮಟಿಗೆ ಊರುವುದು, ಲೋಹ ಕಪ್ಪಾಗುವುದು, ಮತ್ತೆ ಬೆಂಕಿ. ಸರಸಮ್ಮ ನಗುವನ್ನು ಸೆರಗಿನಲ್ಲಿ ಅದುಮಿಕೊಂಡು ಇದ್ದಿಲು ಸುರಿಯುತ್ತಿದ್ದಳು. ಕೊನೆಗೆ ಆಚಾರಿ ಬೇಸತ್ತು ಇಕ್ಕಳವನ್ನು ಎಡಗೈಗೆ ಬದಲಾಯಿಸಿಕೊಂಡ. ಎಡಗೈಗೆ ಯಾವ ಅಭ್ಯಾಸವೂ ಇರಲಿಲ್ಲವಾದ್ದರಿಂದ ಅದು ಹೇಳಿದ ಹಾಗೆ ಕೇಳಿತು.

ಹೊತ್ತು ಮುಳುಗುವ ಮುಂಚೆ ಮಚ್ಚು ಎಣ್ಣೆಯಲ್ಲಿ ಸೊಂಯ್ ಎಂದು ಮುಳುಗಿ 'ಹದ' ಕುಡಿಯಿತು. ಆಚಾರಿ ಅರ ಹಿಡಿದು ಬಾಯಿ ತೀಡಿ ನೆಲದ ಮೇಲಿಟ್ಟ. ಸಿದ್ದಲಿಂಗಮ್ಮ ಎತ್ತಿಕೊಂಡು, ಆ ಗಾಯಗೊಂಡ ಕಾಯಿಗೇ ಏಟು ಹಾಕಿದಳು. ಮಚ್ಚು ಸಿಪ್ಪೆಯೊಳಕ್ಕೆ ಇಳಿಯಿತು. ಅಂಗೈ ಅಗಲದ ಒಂದು ಹೋಳು ಸದ್ದಿಲ್ಲದೆ ಕೆಳಗೆ ಬಿತ್ತು. ಅವಳು ಆ ಹೋಳನ್ನು ಎತ್ತಿ ನೋಡಿದಳು. ಇಂಥ ಹೋಳುಗಳನ್ನು ಗುಡಿಸಿ ಗುಡಿಸಿ ಅವಳ ಸೊಂಟ ಬಿದ್ದುಹೋಗಿತ್ತು. ಇದು ಮಾತ್ರ ಅವಳೇ ಕೆತ್ತಿದ್ದು. ಗಂಡ ಇದ್ದಿದ್ದರೆ ಏನನ್ನುತ್ತಿದ್ದನೋ ಎನಿಸಿತು. ಅಳಲು ಅಲ್ಲಿ ಹೊತ್ತಿರಲಿಲ್ಲ, ಕಡೇ ಬಸ್ಸು ಹೊರಡುವುದರಲ್ಲಿತ್ತು.

“ನೂರು ಕಮ್ಮಿ ಅಂದಿದ್ರಿ” ಎಂದಳು, ಸಾವಿರದ ಇನ್ನೂರು ಎಣಿಸಿಕೊಟ್ಟು.

“ತಿದ್ಕೊಟ್ನಲ್ಲವ್ವ.”

“ಸಮ್ಮಟಿಗೆ ಹೊಡ್ದೋರ್ಗೆ ಕೂಲಿ ಬ್ಯಾಡ್ವಾ?”

ಆಚಾರಿ ಹೆಂಡತಿಯ ಮುಖ ನೋಡಿ, ನೂರು ರೂಪಾಯಿ ಹಿಂದಕ್ಕೆ ಕೊಟ್ಟ.

ಭಾನುವಾರವೆಲ್ಲ ಅವಳು ಮಚ್ಚಿನ ಬಾಲಕ್ಕೆ ಮೊದಲು ಹುರಿ, ಅದರ ಮೇಲೆ ಸೈಕಲ್ ಟ್ಯೂಬು ಸುತ್ತಿದಳು. ಬೆರಳು ಕೂರುವ ಕಡೆ ದಪ್ಪ, ಅಂಗೈ ಕೂರುವ ಕಡೆ ತೆಳು. ಸೋಮವಾರ ಬೆಳಿಗ್ಗೆ ಮಿಂದು, ಮಚ್ಚಿಗೆ ಅರಿಶಿನ ಕುಂಕುಮ ಹಚ್ಚಿ, ದೇವಸ್ಥಾನದ ಗೋಪುರ ಕಾಣುವ ಕಡೆ ತಿರುಗಿ ಕೈ ಮುಗಿದಳು. ಕೇಳಿಕೊಳ್ಳುವುದು ಹೆಚ್ಚೇನೂ ಇರಲಿಲ್ಲ. “ಕೈ ಕೊಟ್ಟೋನು ನೀನು. ಯಾರಾದ್ರೂ ಕೇಳುದ್ರೆ ನೀನೇ ಯೋಳು” ಎಂದಳು.

ಮರದಡಿ ಸಂತೋಷ್ ಆಗಲೇ ನಿಂತಿದ್ದ. ಪಕ್ಕದಲ್ಲಿ ಮಾಯಣ್ಣ. ಸಂತೋಷನ ಕೈಯಲ್ಲಿದ್ದದ್ದು ದಾಸಯ್ಯನ ಮಚ್ಚು. ಹಿಡಿಯ ಮೇಲೆ ಗಂಡನ ಹೆಬ್ಬೆರಳು ಸವೆಸಿದ ಗುಳಿ ದೂರದಿಂದಲೇ ಕಂಡಿತು. ಸಿದ್ದಲಿಂಗಮ್ಮನ ಕಾಲು ಒಂದು ಗಳಿಗೆ ನಿಂತುಹೋಯಿತು. ಆಮೇಲೆ ನಡೆದು ಬಂದು, ಮರದಡಿಯೇ ಇದ್ದ ಗಂಡನ ಗಾಡಿಯ ಹಿಂದೆ, ಅವನು ನಿಲ್ಲುತ್ತಿದ್ದ ಜಾಗದಲ್ಲಿ ನಿಂತಳು. ಸಂತೋಷ್ ಅರಿಯದೆ ಒಂದು ಹೆಜ್ಜೆ ಸರಿದ.

“ಇದೇನತ್ಗೆ” ಎಂದ ಮಾಯಣ್ಣ.

“ಮಚ್ಚು.”

ಅಷ್ಟರಲ್ಲಿ ಚಿಕ್ಕಸ್ವಾಮಿಯ ಟೆಂಪೋ ಬಂದು ನಿಂತಿತು. ಅವನು ಇಳಿದು, ಇಬ್ಬರ ಕೈಯಲ್ಲೂ ಮಚ್ಚು ನೋಡಿ, ಕಿವಿ ಕೆರೆದುಕೊಂಡ. ಒಂದು ಗೊನೆ ಎತ್ತಿ ಗಾಡಿಯ ಮೇಲೆ ಹಾಕಿ, “ನಂಗೆ ಮದ್ದೂರ್ಗೆ ಓಗ್ಬೇಕು. ಬೇಗ ಏನಾರಾ ಒಂದ್ ಮಾಡ್ಕೊಳಿ” ಎಂದ.

ದೇವಸ್ಥಾನದ ಕಡೆಯಿಂದ ಒಂದು ಸಂಸಾರ ಬರುತ್ತಿತ್ತು. ಮುಂದೆ ಹಣ್ಣು ಹಣ್ಣು ಮುದುಕಿ, ಹಣೆಯಲ್ಲಿ ಆಗತಾನೆ ಇಟ್ಟ ಕುಂಕುಮ, ಕೈಯಲ್ಲಿ ತುಳಸಿ ಪ್ರಸಾದ. “ಒಂದು ಎಳ್ನೀರು ಕೊಡಿ ತಾಯಿ, ಗಂಟ್ಲು ಒಣಗೋಯ್ತು” ಎಂದಳು. ಸಿದ್ದಲಿಂಗಮ್ಮ ಕಾಯಿ ಎತ್ತಿಕೊಂಡು ಕೆತ್ತಿದಳು. ಏಟು ನಿಧಾನವಾಗಿತ್ತು, ಗಂಡನ ಬೀಸು ಅದರಲ್ಲಿರಲಿಲ್ಲ. ಆದರೆ ಒಂದೂ ಹಾರಲಿಲ್ಲ. ಕೊನೆಯಲ್ಲಿ ಕೊಕ್ಕಿನಿಂದ ಕಣ್ಣು ತೆರೆದಾಗ ನೀರು ಒಂದು ಹನಿ ಚಿಮ್ಮಿತು.

ಮುದುಕಿ ಕೈ ನೀಡಲಿಲ್ಲ. “ಎಡಗೈಲಿ ಕೆತ್ತುದ್ಯಲ್ಲ ತಾಯಿ. ದರ್ಶನ ಮಾಡ್ಕೊಂಡ್ ಬಂದಿವ್ನಿ ನಾನು.”

“ನಾನು ಅಂದಿಲ್ವಾ” ಎಂದ ಮಾಯಣ್ಣ. ಅವನ ದನಿಯಲ್ಲಿ ಗೆಲುವಿಗಿಂತ ನೆಮ್ಮದಿಯೇ ಹೆಚ್ಚಿತ್ತು. “ಸಂತೋಷ, ನೀನ್ ಕೆತ್ಕೊಡ್ಲಾ ಅವ್ವಂಗೆ.”

“ಕೆತ್ಕೊಡು” ಎಂದಳು ಸಿದ್ದಲಿಂಗಮ್ಮ. “ನಾನೂ ನೋಡ್ತೀನಿ.”

ಸಂತೋಷನ ಕೈ ಚುರುಕು. ಬಲಗೈಯಲ್ಲಿ ದಾಸಯ್ಯನ ಮಚ್ಚು ನಾಲ್ಕು ಸಲ ಮಿಂಚಿತು, ಕಾಯಿ ತೆರೆದುಕೊಂಡಿತು. ಅವನು ಅದನ್ನು ಮುದುಕಿಯ ಮುಂದೆ ಚಾಚಿದ.

“ಅವ್ವ, ವಸಿ ನೋಡಿ ಈಸ್ಕೊಳಿ” ಎಂದಳು ಸಿದ್ದಲಿಂಗಮ್ಮ. “ಯಾವ್ ಕೈಲಿ ಕೊಡ್ತಾವ್ನೆ ಅವ್ನು?”

ಎಲ್ಲರೂ ನೋಡಿದರು. ಬಲಗೈಯಲ್ಲಿ ಮಚ್ಚು ಇದ್ದವನು ಎಡಗೈಯಲ್ಲದೆ ಇನ್ಯಾವ ಕೈಯಲ್ಲಿ ಕೊಟ್ಟಾನು. ಸಂತೋಷ್ ಗಾಬರಿಯಿಂದ ಮಚ್ಚನ್ನು ಎಡಕ್ಕೆ, ಕಾಯಿಯನ್ನು ಬಲಕ್ಕೆ ಬದಲಾಯಿಸಲು ಹೋದ. ಅರ್ಧ ನೀರು ಅವನ ಪ್ಯಾಂಟಿನ ಮೇಲೆ ಚೆಲ್ಲಿತು.

ಸಿದ್ದಲಿಂಗಮ್ಮ ತನ್ನ ಕಾಯಿಯನ್ನು ಮುಂದೆ ಹಿಡಿದಳು. “ನಾನು ಎಡಗೈಲಿ ಕೆತ್ತಿದ್ದು ದಿಟ. ಕೊಡ್ತಿರೋದು ಬಲಗೈಲಿ. ಇಡೀ ಪಟ್ಟಣದಲ್ಲಿ ಬಲಗೈಲಿ ಎಳ್ನೀರು ಕೊಡೋಳು ಇನ್ನೊಬ್ಬಳು ಸಿಕ್ಕುದ್ರೆ ಅಲ್ಲೇ ಕುಡೀರಿ.”

ಮುದುಕಿ ಅವಳ ಬಲಗೈಯನ್ನು ನೋಡಿದಳು, ಹೆಬ್ಬೆರಳಿನ ಬುಡದ ಗಾಯವನ್ನು ನೋಡಿದಳು. ತುಳಸಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಎರಡೂ ಕೈಯಲ್ಲಿ ಕಾಯಿ ಈಸಿಕೊಂಡಳು. “ನಂ ಮೊಮ್ಮಕ್ಕಳಿಗೂ ಇದೇ ಕೈಲಿ ಕೊಡು” ಎಂದಳು.

ಚಿಕ್ಕಸ್ವಾಮಿ ಟೆಂಪೋಗೆ ಒರಗಿಕೊಂಡು ನಗತೊಡಗಿದ. “ಎಲಾ ಇವ್ನ, ಇಷ್ಟು ವರ್ಸ ನಾವೆಲ್ಲಾ ಎಡಗೈಲಿ ಕೊಟ್ಟಿದ್ನೇ ಕುಡ್ಕೊಂಡ್ ಬಂದ್ವಲ್ಲ ಮಾಯಣ್ಣ.”

“ಅಣ್ಣ ಕೊಟ್ಟಿದ್ದು ಬ್ಯಾರೆ” ಎಂದ ಮಾಯಣ್ಣ.

“ಬ್ಯಾರೆನೇ” ಎಂದಳು ಸಿದ್ದಲಿಂಗಮ್ಮ. “ಅವ್ರ ಹಾಗೆ ಕೆತ್ತಾಕೆ ನನ್ ಕೈಲಾಗಾಕಿಲ್ಲ. ನನ್ ಹಾಗೆ ಕೆತ್ತೀನಿ. ಸಂತೋಷ, ಆ ಮಚ್ಚು ನೀನೇ ಮಡಿಕ್ಕೊ, ಒಳ್ಳೇ ಮಚ್ಚು. ರೈಲ್ವೇ ಸ್ಟೇಷನ್ ತಾವ ಯಾರೂ ನಿಂತಿಲ್ಲ, ಅಲ್ಲಿ ಗಾಡಿ ಆಕ್ಕೊ. ಈ ಮರದಡಿ ಮಾತ್ರ ಬರ್ಬ್ಯಾಡ.”

ಮಾಯಣ್ಣ ಗಾಡಿಯ ಹತ್ತಿರಕ್ಕೆ ಬಂದ. ಮುದುಕಿಯ ಮೊಮ್ಮಕ್ಕಳು ಗಾಡಿಯನ್ನು ಸುತ್ತುವರಿದಿದ್ದರು; ಅವನು ನಡುವೆ ಸಿಕ್ಕಿಕೊಂಡಿದ್ದ.

“ವಸಿ ಪಕ್ಕಕ್ಕೆ ನಿಂತ್ಕೊ ಮಾಯಣ್ಣ. ಗಿರಾಕಿ ಅವ್ರೆ.”

ಅವನು ಪಕ್ಕಕ್ಕೆ ನಿಂತ. ಚಿಕ್ಕಸ್ವಾಮಿ ಟೆಂಪೋದ ಹಿಂಬಾಗಿಲು ಬಿಚ್ಚಿ, ಗೊನೆಗಳನ್ನು ಎಳೆದು, ಎಂದಿನ ಅಭ್ಯಾಸದಂತೆ ಗಾಡಿಯ ಎಡಮಗ್ಗುಲಿಗೆ ಒಟ್ಟತೊಡಗಿದ. ಬಲಗೈಯಲ್ಲಿ ಮಚ್ಚು ಹಿಡಿದ ದಾಸಯ್ಯನಿಗೆ ಎಡಗೈಗೆ ಕಾಯಿ ಸಿಗಬೇಕಿತ್ತು.

“ಅಲ್ಲಿ ಬ್ಯಾಡ ಚಿಕ್ಕಸ್ವಾಮಿ” ಎಂದಳು ಸಿದ್ದಲಿಂಗಮ್ಮ, ಕಾಯಿಯಿಂದ ಕಣ್ಣು ತೆಗೆಯದೆ. “ಈ ಕಡೆ ಹಾಕು.”

“ದಾಸಣ್ಣ ಯಾವಾಗ್ಲೂ ಆ ಕಡೆನೇ ಹಾಕುಸ್ತಿದ್ದ ಕಣಕ್ಕ.”

“ಗೊತ್ತು. ಈಗ ಈ ಕಡೆ.”

ಚಿಕ್ಕಸ್ವಾಮಿ ಇಳಿಸಿದ್ದ ಗೊನೆಗಳನ್ನು ಮತ್ತೆ ಹೆಗಲಿಗೇರಿಸಿಕೊಂಡು, ಗೊಣಗುತ್ತಾ, ಗಾಡಿಯನ್ನು ಸುತ್ತಿ ಬಲಮಗ್ಗುಲಿಗೆ ಬಂದ.